ಹೊಟ್ಟೆಯೊಳಗಿನ ಕನ್ನಡ

ಮೂಗೂರು ಕಡೆಯ ರೈತರೊಬ್ಬರಿಗೆ ಊಟ ಸೇರದಾಯಿತು ಎಂದುಕೊಳ್ಳಿ. ಟಿ. ನರಸೀಪುರದ ಆಸ್ಪತ್ರೆಯಲ್ಲಿ ಅವರು ಹೇಳುವುದು ಇಷ್ಟೇ: "ಹೊಟ್ಟ ತೊಳಸ್ತಾ ಅದ ಸಾ, ಉಂಡದ್ದು ಅರಗ್ತಾ ಇಲ್ಲ." ಹೊರರೋಗಿಗಳ ಚೀಟಿಯಲ್ಲಿ ಅದು 'ಡಿಸ್ಪೆಪ್ಸಿಯಾ' ಆಗುತ್ತದೆ. ನೋವು ನಿಲ್ಲದೆ ಮೈಸೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದರೆ ವರದಿಯಲ್ಲಿ 'ಕೋಲಿಲಿಥಿಯಾಸಿಸ್' ಎಂದಿರುತ್ತದೆ. ಹೈಸ್ಕೂಲಿನಲ್ಲಿ ಓದುವ ಮಗಳು ಅದನ್ನು ಮೊಬೈಲಿನಲ್ಲಿ ಹುಡುಕಿ, ತನ್ನ ಪಠ್ಯಪುಸ್ತಕದ ಚಿತ್ರದ ಜೊತೆ ತಾಳೆ ಹಾಕಿ, "ಪಿತ್ತಕೋಶದಲ್ಲಿ ಕಲ್ಲಂತೆ ಅಪ್ಪ" ಅನ್ನುತ್ತಾಳೆ. ಜಗಲಿಯ ಮೇಲೆ ಕೂತ ಅಜ್ಜಿ, "ಪಿತ್ತ ಅಂದ್ರ ತಲ ತಿರುಗ್ಬೇಕಲ್ಲವ್ವ, ಕಲ್ಲೆಲ್ಲಿಂದ ಬಂತು?" ಎಂದು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ.

ಕನ್ನಡದಲ್ಲಿ ವೈದ್ಯಕೀಯ ಪದಗಳೇ ಇಲ್ಲ ಎಂಬ ದೂರು ಹಳೆಯದು. ಜೀರ್ಣಾಂಗಗಳ ಮಟ್ಟಿಗಂತೂ ಅದು ನಿಲ್ಲುವುದಿಲ್ಲ. ಬಾಯಿಂದ ಗುದದವರೆಗೆ ಹೆಸರಿಲ್ಲದ ಅಂಗವೇ ಇಲ್ಲ. ಕೆಲವಕ್ಕೆ ಮೂರು ನಾಲ್ಕು ಹೆಸರುಗಳಿವೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಆಸ್ಪತ್ರೆಯಲ್ಲಿ ಮತ್ತೊಂದು. ಈ ಮೂರರಲ್ಲಿ ಒಂದರ ಪರಿಚಯ ಇನ್ನೊಂದಕ್ಕಿಲ್ಲ. ನನ್ನ ಮಟ್ಟಿಗೆ ಪರಿಭಾಷೆಯ ಸಮಸ್ಯೆ ಇರುವುದು ಇಲ್ಲಿ. ಹೊಸ ಪದಗಳ ಕೊರತೆ ಅದರ ಮುಂದೆ ಚಿಕ್ಕದು.

ಮನೆಯ ಪದಗಳ ಸಿರಿಯನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ತೊಳಸುವುದು, ನುಲಿಯುವುದು, ಮುರಿಯುವುದು, ಉಬ್ಬರಿಸುವುದು, ಹಿಂಡುವುದು, ಉರಿಯುವುದು, ಚುಚ್ಚುವುದು: ಹೊಟ್ಟೆಯ ನೋವಿಗೆ ಹಳ್ಳಿಯವರು ಬಳಸುವ ಕ್ರಿಯಾಪದಗಳಿವು. ವೈದ್ಯವಿದ್ಯಾರ್ಥಿಗೆ ಪಾಠ ಹೇಳುವಾಗಲೂ ನೋವಿನ ಜಾತಿಯನ್ನು ಮೊದಲು ಕೇಳಿಕೋ ಅನ್ನುತ್ತಾರೆ. ಬಂದು ಬಂದು ಹೋಗುವ ನುಲಿತ ಕರುಳಿನದೋ ಕಲ್ಲಿನದೋ ಇರಬಹುದು. ಒಂದೇ ಸಮನೆ ಉರಿ ಜಠರದ ಹುಣ್ಣಿನದಿರಬಹುದು. ಬೆನ್ನಿನವರೆಗೂ ಇರಿಯುವ ನೋವು ಇನ್ನೊಂದು ಕಡೆ ಕೈ ತೋರಿಸುತ್ತದೆ. ಹುಳಿತೇಗು, ವಾಕರಿಕೆ, ಬಿಕ್ಕಳಿಕೆ, ಎದೆಉರಿ ಇವೆಲ್ಲ ಒಂದಕ್ಕೊಂದು ಬೆರೆಯದ, ಖಚಿತ ಅರ್ಥದ ಪದಗಳು. 'ಹುಣ್ಣು' ಎಂಬ ಪದ 'ಅಲ್ಸರ್'ಗಿಂತ ಒಂದು ಕೂದಲೂ ಕಡಿಮೆಯಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಎನ್ನುವವರಿಗೆ ಮಾತ್ರ ಎಂಡೋಸ್ಕೋಪಿ ಬೇಕಾಗಿಲ್ಲ.

ಅಂಗಗಳ ವಿಷಯಕ್ಕೆ ಬಂದರೆ, ನಮ್ಮ ಕಡೆ ಬಹಳ ಜನಕ್ಕೆ ಅಂಗರಚನೆಯ ಮೊದಲ ಪಾಠ ಆಗುವುದು ಭಾನುವಾರದ ಮಾಂಸದಂಗಡಿಯಲ್ಲಿ. ಈಲಿ ಬೇರೆ, ಗುಂಡಿಗೆ ಬೇರೆ, ಬೋಟಿ ಬೇರೆ. ಈಲಿ ಕಪ್ಪುಗೆಂಪು ಬಣ್ಣದ ನುಣುಪಾದ ತುಂಡು, ಬೇಗ ಬೇಯುತ್ತದೆ, ಬಾಣಂತಿಗೂ ರಕ್ತ ಕಡಿಮೆಯಾದವರಿಗೂ ಒಳ್ಳೆಯದೆಂದು ಕೇಳಿ ಹಾಕಿಸಿಕೊಳ್ಳುತ್ತಾರೆ. ಬೋಟಿ ಎಂದರೆ ಕುರಿಯ ಹೊಟ್ಟೆ ಮತ್ತು ಕರುಳು ಎರಡೂ. ಬಿಸಿನೀರು, ಸುಣ್ಣ ಹಾಕಿ ಕೆರೆದು ಕೆರೆದು ತೊಳೆಯದೆ ಅದು ಒಲೆಗೆ ಏರುವುದಿಲ್ಲ. ತೊಳೆಯುವ ಹೆಂಗಸಿಗೆ ಹೊಟ್ಟೆಯ ಒಳಗೋಡೆಯೂ ಕರುಳಿನ ಒಳಗೋಡೆಯೂ ಒಂದೇ ಥರ ಇಲ್ಲವೆಂಬುದು ಬೆರಳಿನಲ್ಲೇ ಗೊತ್ತು. ಕೋಳಿ ಕುಯ್ಯುವಾಗ ಈಲಿಗೆ ಅಂಟಿಕೊಂಡ ಹಸಿರು ಚೀಲವನ್ನು ಒಡೆಯದಂತೆ ಬಿಡಿಸಿ ಎಸೆಯಬೇಕು. ಒಡೆದರೆ ಸಾರೆಲ್ಲ ಕಹಿ. ಹುಡುಗಿಯರಿಗೆ ಅಡುಗೆ ಕಲಿಸುವಾಗಲೇ ಈ ಎಚ್ಚರಿಕೆ ಹೇಳಿರುತ್ತಾರೆ. ಪಿತ್ತವನ್ನು ಮಾಡುವ ಅಂಗ ಒಂದು, ಅದನ್ನು ಕೂಡಿಡುವ ಚೀಲ ಇನ್ನೊಂದು, ಎರಡೂ ಒತ್ತಿಕೊಂಡೇ ಇರುತ್ತವೆ ಎಂಬುದು ಅಲ್ಲಿಗೆ ಮನದಟ್ಟಾಯಿತು.

ಇಷ್ಟು ತಿಳಿದ ಹೆಂಗಸು ಆಸ್ಪತ್ರೆಯಲ್ಲಿ ತಬ್ಬಿಬ್ಬಾಗುತ್ತಾಳೆ. ಅಲ್ಲಿ ಈಲಿ ಎಂಬ ಪದವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ವೈದ್ಯರು 'ಲಿವರ್' ಅನ್ನುತ್ತಾರೆ. ಗೋಡೆಯ ಮೇಲಿನ ಪಟದಲ್ಲಿ 'ಯಕೃತ್ತು' ಎಂದಿರುತ್ತದೆ. ಮಗನ ಪುಸ್ತಕದಲ್ಲಿ 'ಪಿತ್ತಜನಕಾಂಗ'. ಪತ್ರಿಕೆಯ ಆರೋಗ್ಯ ಅಂಕಣಗಳಲ್ಲಿ ಲಿವರ್ ಕಾಯಿಲೆಗೆ 'ಪಿತ್ತಕೋಶದ ಕಾಯಿಲೆ' ಎಂದು ಬರೆದಿರುವುದನ್ನೂ ಓದಿದ್ದೇನೆ. ಇದು ಸಣ್ಣ ತಪ್ಪಲ್ಲ. ಪಿತ್ತಕೋಶವನ್ನು ತೆಗೆದುಹಾಕಿದರೂ ಮನುಷ್ಯ ಉಂಡುಟ್ಟು ಓಡಾಡಿಕೊಂಡಿರುತ್ತಾನೆ. ಕಲ್ಲು ಕಟ್ಟಿ ತೊಂದರೆ ಕೊಟ್ಟಾಗ ಮಾಡುವ ದಿನನಿತ್ಯದ ಶಸ್ತ್ರಚಿಕಿತ್ಸೆ ಅದು. ಪಿತ್ತಜನಕಾಂಗವನ್ನು ಪೂರ್ತಿ ತೆಗೆದರೆ ಬದುಕಿಲ್ಲ. "ನಿಮ್ಮ ಪಿತ್ತಕೋಶ ತೆಗೀಬೇಕು" ಎಂಬ ಮಾತನ್ನು ಅಂಕಣ ಓದಿದ ರೋಗಿ ಯಾವ ಅರ್ಥದಲ್ಲಿ ಕೇಳಿಸಿಕೊಳ್ಳಬೇಕು?

'ಪಿತ್ತಜನಕಾಂಗ' ಎಂಬ ಹೆಸರೂ ಪೂರ್ತಿ ನ್ಯಾಯ ಮಾಡುವುದಿಲ್ಲ. ಪಿತ್ತ ಹುಟ್ಟಿಸುವುದು ಆ ಅಂಗದ ಹಲವು ಕೆಲಸಗಳಲ್ಲಿ ಒಂದು. ಸಕ್ಕರೆಯನ್ನು ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಮಾಡುವುದು, ಮದ್ದು ಮಾತ್ರೆ ಹೆಂಡಗಳ ವಿಷ ಕಳೆಯುವುದು ಎಲ್ಲ ಅಲ್ಲೇ. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಅಂಗಕ್ಕೆ ಎರಡಕ್ಷರದ ಪದ ಇರುವಾಗ ಆರಕ್ಷರದ ಪದವೇಕೆ ಹುಟ್ಟಿತು? ನನಗೆ ಒಂದು ಅನುಮಾನವಿದೆ. ಪಠ್ಯ ಬರೆದವರಲ್ಲಿ ಹೆಚ್ಚಿನವರು ಸಸ್ಯಾಹಾರದ ಮನೆಗಳಿಂದ ಬಂದವರು. ಅವರ ಕಿವಿಗೆ ಈಲಿ ಬಿದ್ದಿರಲಿಲ್ಲ, ಬಿದ್ದಿದ್ದರೂ ಅದು ಕಸಾಯಿ ಅಂಗಡಿಯ ಮಾತು, ಪುಸ್ತಕಕ್ಕೆ ಸಲ್ಲದು. ಇಂಗ್ಲಿಷಿನವರಿಗೆ ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ಲಿವರ್ ಒಂದೇ. ತಮಿಳರು ತಮ್ಮ 'ಈರಲ್' ಅನ್ನು ಬಿಟ್ಟುಕೊಡದೆ 'ಕಲ್ಲೀರಲ್' ಎಂದು ಪಠ್ಯಕ್ಕೂ ಹಾಕಿಕೊಂಡರು. ಸಸ್ಯಾಹಾರಿ ಮನೆಗಳಿಗೆ ಈಲಿ ಹೊಸದು ಎಂಬ ಆಕ್ಷೇಪ ನಿಜವೇ. ಅವರಿಗೆ ಯಕೃತ್ತೂ ಹೊಸದೇ ಆಗಿತ್ತು, ಕಲಿತರು.

ಹಾಗೆಂದು ಸಂಸ್ಕೃತದ ಪದಗಳೆಲ್ಲ ಹೊರಗಿನಿಂದ ಹೇರಿದವು ಅನ್ನುವುದೂ ಅವಸರದ ಮಾತು. ಅಜೀರ್ಣ, ಭೇದಿ, ವಾಯು, ಪಿತ್ತ, ವಾಂತಿ ಇವು ಆಯುರ್ವೇದದಿಂದ ಬಂದು ಊರವಾಗಿ ಹೋಗಿವೆ. ಇದರ ಹಿಂದೆ ಕನ್ನಡದ್ದೇ ಒಂದು ವೈದ್ಯಸಾಹಿತ್ಯವಿದೆ. ಕೀರ್ತಿವರ್ಮ ದನಗಳ ಚಿಕಿತ್ಸೆಗೆ 'ಗೋವೈದ್ಯ' ಬರೆದ. ಹನ್ನೆರಡನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಿಸಿದ. ಹದಿನಾಲ್ಕನೇ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ಪೂರ್ತಿ ವಿಷವೈದ್ಯಕ್ಕೇ ಮೀಸಲು. ಶ್ರೀಧರದೇವನ 'ವೈದ್ಯಾಮೃತ' ಆಮೇಲಿನದು. ಮದ್ದಿನ ವಿಷಯವನ್ನು ಕನ್ನಡದಲ್ಲಿ ಹೇಳಲು ಅವರಿಗೆ ಸಂಕೋಚವಿರಲಿಲ್ಲ.

ನಂಜನಗೂಡಿಗೆ ಈ ಪರಂಪರೆಯಲ್ಲಿ ತನ್ನದೇ ಜಾಗವಿದೆ. ನಂಜುಂಡು ಅರಗಿಸಿಕೊಂಡ ದೇವರ ಊರು ಅದು. ತನ್ನ ಆನೆಯ ಕಣ್ಣು ವಾಸಿಯಾದದ್ದಕ್ಕೆ ಟಿಪ್ಪು ಸುಲ್ತಾನ ಆ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದನೆಂದು ಐತಿಹ್ಯ. 1913ರಲ್ಲಿ ಬಿ.ವಿ. ಪಂಡಿತರು ಇಲ್ಲೇ ಸದ್ವೈದ್ಯಶಾಲೆಯನ್ನು ಶುರು ಮಾಡಿದರು. ನಂಜನಗೂಡು ಹಲ್ಲುಪುಡಿಯ ಮೂಲಕ ಮನೆಮನೆಗೂ ಗೊತ್ತಾದ ಹೆಸರು. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ಅದಕ್ಕೂ ಮುಂಚಿನದು, 1908ರದು. ಅಗ್ನಿಮಾಂದ್ಯ, ಗ್ರಹಣಿ, ಆಮ ಇಂಥ ಪದಗಳು ಮೈಸೂರು ಸೀಮೆಯ ಓದುಬಲ್ಲ ಮನೆಗಳಲ್ಲಿ ಬಳಕೆಗೆ ಬರಲು ಇಂಥ ಸಂಸ್ಥೆಗಳೂ ಅವುಗಳ ಔಷಧಿ ಸೀಸೆಗಳ ಮೇಲಿನ ಚೀಟಿಗಳೂ ಕಾರಣ.

ಆದರೆ ಆಯುರ್ವೇದದ ಪದವನ್ನು ಎತ್ತಿ ಹೊಸ ಅಂಗರಚನೆಗೆ ಅಂಟಿಸುವಾಗ ಎಚ್ಚರ ಬೇಕು. ಆಮಾಶಯ, ಪಕ್ವಾಶಯ ಎಂಬ ವಿಭಾಗ ಆಹಾರ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ನಿಂತದ್ದು: ಹಸಿಯಾಗಿದೆಯೋ, ಪಾಕವಾಗಿದೆಯೋ. ಇಂದಿನ ಜಠರ, ಕರುಳುಗಳ ಗಡಿಗೆ ಅದು ಸರಿಯಾಗಿ ಕೂರುವುದಿಲ್ಲ. 'ಗ್ರಹಣಿ' ಅಂಗವೂ ಹೌದು, ರೋಗವೂ ಹೌದು. ಇನ್ನು 'ಕ್ಲೋಮ' ಎಂದರೆ ಯಾವ ಅಂಗ ಎಂಬ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಅದೇ ಕ್ಲೋಮವನ್ನು ತೆಲುಗರು ಪ್ಯಾಂಕ್ರಿಯಾಸ್‌ಗೆ ಹೆಸರಾಗಿ ಇಟ್ಟುಕೊಂಡರು. ಹಿಂದಿಯವರಿಗೆ ಅದು 'ಅಗ್ನ್ಯಾಶಯ', ಮಲಯಾಳಿಗಳಿಗೆ 'ಆಗ್ನೇಯಗ್ರಂಥಿ', ತಮಿಳರಿಗೆ 'ಕಣೈಯಮ್'. ನಮಗೆ 'ಮೇದೋಜೀರಕ ಗ್ರಂಥಿ'. ಒಂದೇ ಗೇಣುದ್ದದ ಅಂಗಕ್ಕೆ ನೆರೆಹೊರೆಯಲ್ಲಿ ಇಷ್ಟು ಹೆಸರು! ಗ್ರೀಕರು ಅದನ್ನು ಕಂಡು 'ಎಲ್ಲಾ ಮಾಂಸವೇ' ಎಂಬರ್ಥದಲ್ಲಿ ಪ್ಯಾಂಕ್ರಿಯಾಸ್ ಅಂದರು; ಎಲುಬಿಲ್ಲ, ಮೃದ್ವಸ್ಥಿಯಿಲ್ಲ ಎಂಬುದಷ್ಟೇ ಅವರಿಗೆ ಕಂಡದ್ದು. ನಮ್ಮ ಪದ ಕೊಬ್ಬನ್ನು ಜೀರ್ಣಿಸುವುದು ಎಂದು ಕೆಲಸ ಹೇಳುತ್ತದೆ. ಅಡುಗೆಮನೆಯ ಜೀರಿಗೆಗೂ ಸಂಸ್ಕೃತದ ಹೆಸರು ಜೀರಕವೇ, ಅದೂ ಅರಗಿಸುವ ಗುಣದಿಂದಲೇ. ಈ ಪದ ಕೇಳಲು ಭಾರ, ನಿಜ. ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಇನ್ಸುಲಿನ್ ಸುಳಿವೂ ಇದರಲ್ಲಿಲ್ಲ. ಆದರೂ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲದಿರುವುದರಿಂದ, ದಶಕಗಳಿಂದ ಮಕ್ಕಳು ಕಲಿತುಬಂದಿರುವುದರಿಂದ, ಅದನ್ನು ಕದಲಿಸಬೇಕಾಗಿಲ್ಲ. ಹಾಗೆಯೇ 'ಕಿಣ್ವ'. ಹೆಂಡಕ್ಕೆ ಹಾಕುವ ಹುದುಗಿಗೆ ಸಂಸ್ಕೃತದಲ್ಲಿದ್ದ ಹೆಸರನ್ನು ಎನ್‌ಜೈಮ್‌ಗೆ ತಂದದ್ದು. ಎನ್‌ಜೈಮ್ ಎಂಬ ಪದದ ಒಳಗೂ ಗ್ರೀಕಿನ ಹುದುಗೇ ಇದೆ. ಎರಡಕ್ಷರ, ಗೊಂದಲವಿಲ್ಲ. ಟಂಕಿಸಿದ ಪದಗಳಲ್ಲಿ ನನಗೆ ಮೆಚ್ಚುಗೆಯಾದವುಗಳ ಪೈಕಿ ಇದು ಮೇಲಿನ ಸಾಲಿನದು.

ಪಶ್ಚಿಮದ ಪದಗಳ ಗತ್ತು ನೋಡಿ ಹೆದರುವವರು ಅವುಗಳ ಅರ್ಥವನ್ನು ಒಮ್ಮೆ ಬಿಡಿಸಿ ನೋಡಬೇಕು. ಜಠರ ದಾಟಿದ ಕೂಡಲೇ ಬರುವ ಸುಮಾರು 25 ಸೆಂಟಿಮೀಟರಿನ ಸಣ್ಣಕರುಳ ತುಂಡಿಗೆ 'ಡಿಯೋಡಿನಮ್' ಎಂದು ಹೆಸರು. ಹನ್ನೆರಡು ಬೆರಳಗಲದ್ದು ಎಂದಷ್ಟೇ ಅದರ ಅರ್ಥ. ಅಲೆಕ್ಸಾಂಡ್ರಿಯದ ವೈದ್ಯ ಹಿರೋಫಿಲಸ್ ಬೆರಳಿಟ್ಟು ಅಳೆದ ಲೆಕ್ಕ. ಜಪಾನೀಯರೂ ಜರ್ಮನರೂ ಇಂದಿಗೂ ಅದನ್ನು ತಮ್ಮ ಮಾತಿನಲ್ಲಿ ಹನ್ನೆರಡು ಬೆರಳ ಕರುಳು ಎಂದೇ ಕರೆಯುತ್ತಾರೆ. 'ಜೆಜುನಮ್' ಎಂದರೆ ಬರಿದಾದದ್ದು, 'ಸೀಕಮ್' ಎಂದರೆ ಕುರುಡು, 'ರೆಕ್ಟಮ್' ಎಂದರೆ ನೇರವಾದದ್ದು, 'ಪೈಲೋರಸ್' ಎಂದರೆ ಬಾಗಿಲು ಕಾಯುವವನು. ಇಂಥ ಪದಗಳನ್ನು ತಮ್ಮ ಭಾಷೆಗೆ ತರುವ ಕೆಲಸ ಜಪಾನಿನಲ್ಲಿ ಹಿಂದೆಯೇ ಆಯಿತು. 1774ರಲ್ಲಿ ಸುಗಿಟಾ ಗೆನ್‌ಪಾಕು ಮತ್ತು ಗೆಳೆಯರು ಡಚ್ ಅಂಗರಚನಾ ಗ್ರಂಥವನ್ನು 'ಕೈತಾಯ್ ಶಿನ್‌ಶೊ' ಹೆಸರಿನಲ್ಲಿ ಹೊರತಂದರು. ಚೀನೀ ವೈದ್ಯದಲ್ಲಿ ಪ್ಯಾಂಕ್ರಿಯಾಸ್‌ಗೆ ಹೆಸರಿರಲಿಲ್ಲವೆಂದು ಉದಗಾವಾ ಗೆನ್‌ಶಿನ್ 1805ರಲ್ಲಿ ಅದಕ್ಕಾಗಿ ಒಂದು ಲಿಪಿಚಿಹ್ನೆಯನ್ನೇ ಹೊಸದಾಗಿ ಕಟ್ಟಿದ. ಅದು ಚೀನಾಕ್ಕೂ ಹೋಗಿ ನೆಲೆ ನಿಂತಿತು.

ಕನ್ನಡದಲ್ಲಿ ಇಂಥ ಕೆಲಸ ಆಗಿಲ್ಲವೆಂದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಇಬ್ಬರೂ 1918ರಲ್ಲೇ 'ವಿಜ್ಞಾನ' ಪತ್ರಿಕೆ ಶುರು ಮಾಡಿದರು. ಎರಡು ವರ್ಷ ನಡೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂತು, ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಅನುಪಮಾ ನಿರಂಜನ, ಕಲಬುರಗಿಯ ಪಿ.ಎಸ್. ಶಂಕರ್, ನಾ. ಸೋಮೇಶ್ವರ ಇವರೆಲ್ಲ ವೈದ್ಯರಾಗಿದ್ದುಕೊಂಡೇ ಕನ್ನಡದಲ್ಲಿ ಬರೆದವರು. ಡಿ.ಎಸ್. ಶಿವಪ್ಪನವರು ವೈದ್ಯಕ ಪದಗಳ ಹುಟ್ಟು, ರಚನೆಯ ಬಗ್ಗೆಯೇ ಪುಸ್ತಕ ಮಾಡಿದರು. ಡಿ.ಎನ್. ಶಂಕರ ಭಟ್ಟರು ಇಂಗ್ಲಿಷ್ ಪದಗಳಿಗೆ ಕನ್ನಡದ ಬೇರಿನಿಂದಲೇ ಪದ ಕಟ್ಟಬಹುದೆಂದು ವಾದಿಸಿದರು. ಮಹಾಪ್ರಾಣಗಳೂ ಬೇಡ ಅಂದರು. ಮೂಗೂರಿನ ಬಾಯಲ್ಲಿ ಭೇದಿ ಬೇದಿಯೇ, ಜಠರ ಜಟರವೇ ಆಗಿರುವುದರಿಂದ ಅವರ ವಾದಕ್ಕೆ ಇಲ್ಲಿ ಸಾಕ್ಷಿ ಸಿಗುತ್ತದೆ. ಕೋಶಗಳು ಇಷ್ಟಿದ್ದರೂ ವಾರ್ಡಿನವರೆಗೆ ಅವು ನಡೆದು ಬಂದಿಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜಿನಲ್ಲೂ ಸುತ್ತೂರು ಮಠದ ವಿದ್ಯಾಪೀಠ 1984ರಲ್ಲಿ ತೆರೆದ ಕಾಲೇಜಿನಲ್ಲೂ ಪಾಠ ಇಂಗ್ಲಿಷಿನಲ್ಲೇ ನಡೆದುಕೊಂಡು ಬಂದಿದೆ. ಹುಡುಗ ಐದೂವರೆ ವರ್ಷ ಓದಿ ಹಳ್ಳಿಯ ಆಸ್ಪತ್ರೆಗೆ ಬಂದಾಗ 'ತೊಳಸುವುದು' ಎಂದರೇನೆಂದು ನರ್ಸಮ್ಮನನ್ನು ಕೇಳಬೇಕಾಗುತ್ತದೆ.

ವೈದ್ಯಶಿಕ್ಷಣವನ್ನೇ ದೇಶಭಾಷೆಗೆ ತರುವ ಪ್ರಯತ್ನ ನಮ್ಮ ನಾಡಿಗೆ ಅಪರಿಚಿತವೂ ಅಲ್ಲ. 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವಿನಲ್ಲಿ ಪಾಠ ಹೇಳಿತು. ಅದಕ್ಕಾಗಿ ಅನುವಾದ ಇಲಾಖೆಯನ್ನೇ ತೆರೆದಿದ್ದರು, ವೈದ್ಯಕೀಯವೂ ಉರ್ದುವಿಗೆ ಬಂತು. ಕಲಬುರಗಿ, ರಾಯಚೂರು, ಬೀದರ್ ಆಗ ಅದೇ ಸಂಸ್ಥಾನದ ಒಳಗಿದ್ದವು. ಈಚೆಗೆ 2022ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶ ಸರ್ಕಾರ ಎಂಬಿಬಿಎಸ್‌ನ ಮೊದಲ ವರ್ಷಕ್ಕೆ ಹಿಂದಿ ಪುಸ್ತಕ ಹೊರಡಿಸಿತು. ಅದರಲ್ಲಿ ಪಾರಿಭಾಷಿಕ ಪದಗಳು ಬಹುಪಾಲು ಇಂಗ್ಲಿಷಿನವೇ, ಲಿಪಿ ಮಾತ್ರ ದೇವನಾಗರಿ. ಇದನ್ನು ಗೇಲಿ ಮಾಡಿದವರಿದ್ದಾರೆ. ನನಗೆ ಅದರಲ್ಲಿ ವಿವೇಕ ಕಾಣುತ್ತದೆ. ವೈದ್ಯರು ವೈದ್ಯರ ಜೊತೆ ಆಡುವ ಮಾತಿನಲ್ಲಿ 'ಕೋಲಿಲಿಥಿಯಾಸಿಸ್' ಇದ್ದರೆ ಯಾರಿಗೂ ನಷ್ಟವಿಲ್ಲ. ಆ ಪದ ರೋಗಿಯ ಕಡೆ ತಿರುಗಿದಾಗ 'ಪಿತ್ತದ ಚೀಲದಲ್ಲಿ ಕಲ್ಲು' ಆಗಬೇಕು, ಅಷ್ಟೇ. ಈ ತಿರುವು ಕಲಿಸುವ ಪಾಠ ಮಾತ್ರ ನಮ್ಮ ಕಾಲೇಜುಗಳಲ್ಲಿ ಸಾಲದು.

ಅರ್ಧ ಕಲಿತ ಇಂಗ್ಲಿಷ್ ಊರೊಳಗೆ ಬಂದು ಕೂತಾಗ ಏನಾಗುತ್ತದೆ ಎಂಬುದಕ್ಕೆ 'ಗ್ಯಾಸ್ಟ್ರಿಕ್' ಸಾಕು. ಇಂಗ್ಲಿಷಿನಲ್ಲಿ ಅದು ಜಠರಕ್ಕೆ ಸಂಬಂಧಿಸಿದ ಎಂಬ ವಿಶೇಷಣ. ಕನ್ನಡದಲ್ಲಿ ಅದೊಂದು ಕಾಯಿಲೆ: "ನಂಗೆ ಗ್ಯಾಸ್ಟ್ರಿಕ್ ಅದೆ." 'ಗ್ಯಾಸ್' ಎಂಬ ಸದ್ದು ಅದರೊಳಗೆ ಇರುವುದರಿಂದ ಹಳೆಯ 'ವಾಯು' ಬಂದು ಅದರ ಜೊತೆ ಸೇರಿಕೊಂಡಿತು. ಈಗ ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನಲ್ಲಿ 'ಗ್ಯಾಸ್ ಮಾತ್ರೆ' ಎಂದು ಕೇಳಿ ತರುವ ಪ್ಯಾಂಟೊಪ್ರಜೋಲಿಗೂ ಗ್ಯಾಸಿಗೂ ಸಂಬಂಧವಿಲ್ಲ. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ವ್ಯವಸ್ಥೆಯನ್ನು ತಡೆಯುವ ಮಾತ್ರೆ ಅದು. ಬೆಳಿಗ್ಗೆ ತಿನ್ನುವುದಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ಯಾಸ್ ಎಂದುಕೊಂಡವರು ಬಾಡೂಟ ಮುಗಿಸಿ, ಹೊಟ್ಟೆ ಬಿಗಿದ ಮೇಲೆ ನುಂಗುತ್ತಾರೆ. ಹೊಟ್ಟೆಯ ಗಾಳಿ ಬರುವುದು ಉಣ್ಣುವಾಗ ನುಂಗಿದ ಗಾಳಿಯಿಂದ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಂದ. ಅದಕ್ಕೆ ಆಮ್ಲ ತಡೆದು ಪ್ರಯೋಜನವಿಲ್ಲ. ಹುಣ್ಣಿನ ಕಥೆ ಮತ್ತೊಂದು. ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬ ಆಸ್ಟ್ರೇಲಿಯದ ವೈದ್ಯರಿಬ್ಬರು ಜಠರದ ಹುಣ್ಣುಗಳಿಗೆ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ದೊಡ್ಡ ಕಾರಣವೆಂದು ತೋರಿಸಿ 2005ರಲ್ಲಿ ನೊಬೆಲ್ ಪಡೆದರು. ಅಂಥ ಹುಣ್ಣಿಗೆ ಆ್ಯಂಟಿಬಯಾಟಿಕ್ ಬೇಕು. 'ಗ್ಯಾಸ್ಟ್ರಿಕ್' ಎಂದು ಹೆಸರಿಟ್ಟು ವರ್ಷಗಟ್ಟಲೆ ಮಾತ್ರೆ ನುಂಗುವವರಲ್ಲಿ ಎಷ್ಟು ಜನ ಈ ಪರೀಕ್ಷೆ ಮಾಡಿಸಿಕೊಂಡಾರು?

ಇದಕ್ಕಿಂತ ಕೆಟ್ಟದ್ದು ಎದೆನೋವಿನ ವಿಷಯ. ಗುಂಡಿಗೆಯ ಕೆಳಭಾಗಕ್ಕೆ ರಕ್ತ ನಿಂತಾಗ ನೋವು ಮೇಲ್ಹೊಟ್ಟೆಯಲ್ಲೇ ಕಾಣಿಸಿಕೊಳ್ಳಬಹುದು, ವಾಕರಿಕೆ ಬೆವರು ಬರಬಹುದು. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಹೋಗಬಹುದು. "ಏನಿಲ್ಲ, ಗ್ಯಾಸ್ಟ್ರಿಕ್ಕು" ಎಂದು ಇನೋ ಕುಡಿದು, ಬಿಸಿನೀರು ಕುಡಿದು, ಬೆಳಗಾಗಲಿ ನೋಡೋಣ ಅಂದವರು ಬೆಳಗು ಕಾಣದ ಸುದ್ದಿ ನಮ್ಮ ಸೀಮೆಗೆ ಹೊಸದಲ್ಲ. ಮೊದಲಿನ ಒಂದೆರಡು ಗಂಟೆ ಕೈಬಿಟ್ಟರೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ತಲುಪಿಯೂ ಪ್ರಯೋಜನ ಕಡಿಮೆ. ಎದೆಉರಿ, ಎದೆನೋವು, ಹೊಟ್ಟೆಉಬ್ಬರ ಎಂದು ಮೂರು ಬೇರೆ ಬೇರೆ ಮಾತು ಇದ್ದ ಭಾಷೆಯಲ್ಲಿ ಮೂರನ್ನೂ ನುಂಗಿದ ಒಂದು ಪದ ಬಂದು ಕೂತಿತು. ಆರೋಗ್ಯ ಇಲಾಖೆಯವರು ಒಂದೇ ಒಂದು ಪದದ ವಿರುದ್ಧ ಆಂದೋಲನ ಮಾಡುವುದಾದರೆ ನಾನು ಸೂಚಿಸುವುದು ಇದನ್ನೇ.

ಅಗಲವಾದ ಪದದ ಅಪಾಯ ನಮ್ಮದೇ ಹಳೆಯ ಪದಗಳಲ್ಲೂ ಇದೆ. 'ಕಾಮಾಲೆ' ಅಂಥದ್ದು. ಕಣ್ಣು, ಉಚ್ಚೆ ಹಳದಿಯಾಗುವುದು ರೋಗದ ಗುರುತು; ರೋಗ ಅದರ ಹಿಂದೆ ಬೇರೆಯೇ ಇರುತ್ತದೆ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ತಾವಾಗಿಯೇ ಇಳಿಯುತ್ತವೆ. ಆ ಹೊತ್ತಿಗೆ ನೆಲನೆಲ್ಲಿಯ ರಸ ಕುಡಿಸಿದ್ದರೆ ಸೊಪ್ಪಿಗೆ ಹೆಸರು ಬರುತ್ತದೆ. ಹೆಪಟೈಟಿಸ್ ಬಿ, ಕುಡಿತದಿಂದ ಕೆಟ್ಟ ಈಲಿ, ಪಿತ್ತನಾಳಕ್ಕೆ ಅಡ್ಡ ಕೂತ ಕಲ್ಲು ಅಥವಾ ಗೆಡ್ಡೆ, ಇವುಗಳಿಗೂ ಅದೇ ಹೆಸರು ಇರುವುದರಿಂದ ಅದೇ ಸೊಪ್ಪಿನ ಮನೆಗೆ ಹೋಗುತ್ತಾರೆ. ಬಸುರಿಗೆ ಹೆಪಟೈಟಿಸ್ ಇ ಬಂದರೆ ಪ್ರಾಣಕ್ಕೇ ಅಪಾಯ. ಇಲ್ಲಿ ಪದವನ್ನು ಕಿತ್ತುಹಾಕುವ ಅಗತ್ಯವಿಲ್ಲ, "ಯಾವ ಕಾಮಾಲೆ?" ಎಂಬ ಪ್ರಶ್ನೆಯನ್ನು ಅದರ ಬೆನ್ನಿಗೆ ಕಟ್ಟಿದರೆ ಸಾಕು. 'ಜಂತುಹುಳು'ವಿನಲ್ಲಿ ಇದು ಸಾಧ್ಯವಾಗಿದೆ. ಜಂತುವೂ ಹುಳುವೇ, ಎರಡು ಸಲ ಹೇಳಿದಂತಾಯಿತು ಎಂದು ಪಂಡಿತರು ಮೂಗು ಮುರಿಯಬಹುದು. ಆದರೆ 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಫೆಬ್ರುವರಿ 10ರಂದು ಅಲ್ಬೆಂಡಜೋಲ್ ಚೀಪಿಸುವ ಕಾರ್ಯಕ್ರಮಕ್ಕಾಗಿ ಆಶಾ ಕಾರ್ಯಕರ್ತೆಯರು ಆ ಪದವನ್ನು ಹಿಡಿದೇ ಮನೆಮನೆ ತಿರುಗಿದರು, ತಾಯಂದಿರಿಗೆ ಅರ್ಥವಾಯಿತು.

ಔಷಧ ಚೀಟಿಯ ಭಾಷೆಯೂ ಒಮ್ಮೆ ಸುದ್ದಿಯಾಯಿತು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದು, ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಕೇಳಿದರು. ಕೆಲವು ವೈದ್ಯರು ಬರೆದೂ ತೋರಿಸಿದರು. ಮಾತ್ರೆಯ ಹೆಸರು ಯಾವ ಲಿಪಿಯಲ್ಲಿದೆ ಎಂಬುದಕ್ಕಿಂತ ಅದು ಯಾತಕ್ಕೆ, ಯಾವ ಹೊತ್ತಿಗೆ ಎಂಬುದು ಕನ್ನಡದಲ್ಲಿರುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಅದಕ್ಕೂ ಮುಖ್ಯ ಒಪ್ಪಿಗೆ ಪತ್ರ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ರೋಗಿ ಯೋಚಿಸಿ ತೀರ್ಮಾನಿಸಲು ಸಾಕಾಗುವಷ್ಟು ವಿವರವನ್ನು ವೈದ್ಯರು ಕೊಡಲೇಬೇಕು ಎಂದಿತು. ನಾನು ನೋಡಿರುವ ಕನ್ನಡ ಒಪ್ಪಿಗೆ ಪತ್ರಗಳ ಭಾಷೆ ನೋಂದಣಿ ಕಚೇರಿಯ ಕ್ರಯಪತ್ರದ್ದು: 'ಸದರಿ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ನನಗೆ ತಿಳಿಯಪಡಿಸಲಾಗಿದ್ದು'. ಹೆಬ್ಬೆಟ್ಟು ಒತ್ತುವವರಿಗೆ ಇದು ಇಂಗ್ಲಿಷಿಗಿಂತ ಹತ್ತಿರವೇನಲ್ಲ. ದೇವನೂರ ಮಹಾದೇವರು 'ಕುಸುಮಬಾಲೆ'ಯನ್ನು 1984ರಲ್ಲಿ ಇದೇ ನಂಜನಗೂಡು ಸೀಮೆಯ ನುಡಿಯಲ್ಲಿ ಬರೆದು ಕಾದಂಬರಿಯ ಭಾರವನ್ನೆಲ್ಲ ಅದು ಹೊರಬಲ್ಲುದೆಂದು ತೋರಿಸಿದರು. ಕರುಳುಬಾಲ, ಅಂದರೆ ಅಪೆಂಡಿಕ್ಸ್, ಯಾಕೆ ತೆಗೆಯಬೇಕು, ತೆಗೆಯದಿದ್ದರೆ ಏನಾಗುತ್ತದೆ ಎಂದು ಅರ್ಧ ಪುಟ ಬರೆಯಲು ಆ ನುಡಿಗೆ ಆಗದೇ?

ಕೊನೆಗೆ ಉಳಿಯುವುದು ನಾಳದ ಕೊನೆಯ ಭಾಗ. ಇಲ್ಲಿ ಮಾತ್ರ ನಿಜವಾಗಿಯೂ ಪದದ ಬರ ಇದೆ, ಅದೂ ವಿಚಿತ್ರ ರೀತಿಯ ಬರ. ಪುಸ್ತಕದ 'ಮಲ', 'ಗುದ', 'ವಿಸರ್ಜನೆ' ರೋಗಿಯ ಬಾಯಿಗೆ ಬರುವುದಿಲ್ಲ. ಬಾಯಿಗೆ ಬರುವ ಪದ ವೈದ್ಯರೆದುರು ಆಡುವಂಥದ್ದಲ್ಲ. ನಡುವೆ ಇರುವುದೆಲ್ಲ ಬಳಸುಮಾತು: ಎರಡಕ್ಕೆ ಹೋಗುವುದು, ಹೊರಕಡೆ ಹೋಗುವುದು, ಕೆರೆ ಕಡೆ ಹೋಗುವುದು. ಮನೆಯೊಳಗೆ ಶೌಚಾಲಯ ಬಂದ ಮೇಲೂ ಹೊರಕಡೆ ಹೋಗುವುದು ನಿಂತಿಲ್ಲ. ಭೇದಿಯಾದರೆ "ಹೊಟ್ಟೆ ಕೆಟ್ಟದ" ಅನ್ನುತ್ತಾರೆ. ಎಷ್ಟು ಸಲ, ನೀರಿನಂತೆಯೋ, ರಕ್ತ ಸಿಂಬಳ ಉಂಟೋ ಎಂದು ಕೆದಕಿ ಕೇಳದಿದ್ದರೆ ಆಮಶಂಕೆಯೂ ಬರೀ ಭೇದಿಯೂ ಒಂದೇ ಆಗುತ್ತವೆ. ರಕ್ತ ಕಂಡ ಹೆಂಗಸು ಅದನ್ನು ಗಂಡಸು ಡಾಕ್ಟರಿಗೆ ಹೇಳುವ ಪದ ಹುಡುಕುತ್ತಲೇ ತಿಂಗಳು ಕಳೆಯುತ್ತಾಳೆ. ಕೇಳಿದರೆ "ಉಷ್ಣ ಆಗದ" ಎಂದು ಮುಗಿಸುತ್ತಾಳೆ. ಮೂಲವ್ಯಾಧಿ ಎಂದುಕೊಂಡು ಊರಾಚೆಯ ಚಿಕಿತ್ಸೆಯ ಬೋರ್ಡು ನೋಡಿ ಮದ್ದು ಮಾಡಿಸಿಕೊಂಡು ಬರುವವರಲ್ಲಿ ಕೆಲವರಿಗೆ ಇರುವುದು ದೊಡ್ಡಕರುಳಿನ ಕ್ಯಾನ್ಸರ್.

ಇಲ್ಲಿ ಪದ ಕಟ್ಟುವ ಪಂಡಿತರಿಗಿಂತ ಪ್ರಶ್ನೆ ಕೇಳುವ ವೈದ್ಯರ, ನರ್ಸುಗಳ ನಾಲಗೆ ಮುಖ್ಯ. ರೋಗಿ ಹೇಳಲಿ ಎಂದು ಕಾಯದೆ ಅವರೇ ಬಳಸುಮಾತಿನಲ್ಲಿ ಬಿಡಿಸಿ ಕೇಳಬೇಕು: ಎರಡಕ್ಕೆ ಹೋದಾಗ ರಕ್ತ ಹೋಯ್ತದ? ಕೆಂಪಗೋ, ಡಾಂಬರಿನಂಗೆ ಕಪ್ಪಗೆ ಅಂಟಂಟಾಗೋ? ಮುಂಚೆ ದಿನಾ ಹೋಗ್ತಿದ್ದದ್ದು ಈಗ ವ್ಯತ್ಯಾಸ ಆಗದ? ಕೆಂಪು ರಕ್ತ ಬಹುಮಟ್ಟಿಗೆ ಕೆಳಗಿನದು. ಕಪ್ಪು ಬಂದರೆ ಜಠರ ಅಥವಾ ಸಣ್ಣಕರುಳಿನ ಮೊದಲ ಭಾಗದಲ್ಲಿ ರಕ್ತ ಒಸರುತ್ತಿದೆ ಎಂದು ಲೆಕ್ಕ, ಅವತ್ತೇ ಆಸ್ಪತ್ರೆ ಸೇರಬೇಕು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೂ ಕಪ್ಪಗೇ ಹೋಗುತ್ತದೆ. ಅದನ್ನೂ ಜೊತೆಯಲ್ಲೇ ಕೇಳಿಕೊಳ್ಳಬೇಕು.